ಮೂಗಿನ ಮಟ್ಟದ ವಿಂಡ್‌ಶೀಲ್ಡ್

ನಕ್ಷೆಗಾರನ ಕುತ್ತಿಗೆ ಹಿಡಿದುಕೊಂಡಿದ್ದರಿಂದ ಆ ಶನಿವಾರ ಬೆಳಗ್ಗೆ ಒಂದು ನದಿ ದಾರಿ ತಪ್ಪಿತು.

ನೆಲದ ಮೇಲಿನ ನದಿ ಎಂದಿನಂತೆ ತನ್ನ ಪಾಡಿಗೆ ತಾನು ಹರಿದುಕೊಂಡಿತ್ತು. ತಪ್ಪಿದ್ದು ಕಾಗದದ ಮೇಲಿನದು. ನಕ್ಷೆ ಕಚೇರಿಯ ಮಹಡಿಯಲ್ಲಿ ಎತ್ತರದ ಸ್ಟೂಲಿನ ಮೇಲೆ ಕೂತು, ಓರೆ ಮೇಜಿಗೆ ಬಾಗಿ, ನೀಲಿ ಶಾಯಿಯಲ್ಲಿ ನದಿ ಎಳೆಯುತ್ತಿದ್ದವನಿಗೆ ಎಡಕ್ಕೆ ತಿರುಗಬೇಕಾದ ಕಡೆ ಕುತ್ತಿಗೆ ತಿರುಗಲಿಲ್ಲ. ಪೆನ್ನು ನೆಟ್ಟಗೆ ಹೋಯಿತು. ನದಿ ಗುಡ್ಡ ಹತ್ತಿ, ಆ ಕಡೆ ಇಳಿದು, ಶಾಲೆಯೊಂದರ ಆಟದ ಬಯಲನ್ನು ಹಾದು ಕಾಗದದ ಅಂಚಿಗೆ ಬಂದು ನಿಂತಿತು. ಬೇರೆಯವರಾಗಿದ್ದರೆ ಕೂಡಲೇ ಬ್ಲೇಡು ತೆಗೆದುಕೊಂಡು ಕೆರೆಯುತ್ತಿದ್ದರು. ಇವನು ಗಲ್ಲಕ್ಕೆ ಕೈ ಕೊಟ್ಟು, ಗುಡ್ಡ ಹತ್ತುವ ನದಿಯಲ್ಲಿ ದೋಣಿಗಳು ಹೇಗೆ ಹೋಗಬಹುದು ಎಂದು ಯೋಚಿಸುತ್ತ ಕೂತ.

ಅವನ ಸ್ವಭಾವವೇ ಅಂಥದ್ದು. ದಿನವೆಲ್ಲ ರಸ್ತೆಗಳನ್ನು ಬರೆಯುತ್ತಿದ್ದ, ಬರೆದ ಯಾವ ರಸ್ತೆಯಲ್ಲೂ ಹೋದವನಲ್ಲ. ಹೋಗುವುದೇನಿದ್ದರೂ ಭಾನುವಾರ, ಹಳೆಯ ಬೈಕಿನಲ್ಲಿ, ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು, ಊರಾಚೆಯ ಹೆದ್ದಾರಿಯಲ್ಲಿ ಒಂದಷ್ಟು ದೂರ. ಎದುರುಗಾಳಿ ಎದೆಗೆ ಒದೆಯುತ್ತಿತ್ತು, ಹೆಲ್ಮೆಟ್ಟನ್ನು ಹಿಡಿದು ಅಲ್ಲಾಡಿಸುತ್ತಿತ್ತು. ಹೋದ ಭಾನುವಾರದ ಗಾಳಿ ಕುತ್ತಿಗೆ ಹೊಕ್ಕದ್ದು ಇನ್ನೂ ಹೊರಬಿದ್ದಿರಲಿಲ್ಲ.

ಕುತ್ತಿಗೆಯದು ಹೇಗೋ ನಡೆಯುತ್ತಿತ್ತು. ಅವನ ನಿಜವಾದ ಸಂಕಟವೇ ಬೇರೆ.

ಅವನ ಹೆಂಡತಿಗೆ ಮನೆಯಲ್ಲಿ ಮಾತು ಬಹಳ ಕಡಿಮೆ. ಅವನು ಹಾಲು ಒಲೆಯ ಮೇಲಿಟ್ಟು ಮೋಡ ನೋಡುತ್ತ ನಿಂತು ಉಕ್ಕಿಸಿದರೆ ಅವಳು ಸುಮ್ಮನೆ ಒರೆಸುತ್ತಿದ್ದಳು. ಬೀಗದ ಕೈ ಒಳಗಿಟ್ಟು ಬಾಗಿಲು ಎಳೆದುಕೊಂಡರೆ ಸುಮ್ಮನೆ ಮೆಟ್ಟಿಲ ಮೇಲೆ ಕೂರುತ್ತಿದ್ದಳು. ಅಕ್ಕಪಕ್ಕದ ಗಂಡಸರೆಲ್ಲ "ಪುಣ್ಯ ಮಾಡಿದ್ದೆ ಕಣಯ್ಯ ನೀನು" ಎಂದು ಹೊಟ್ಟೆ ಉರಿದುಕೊಳ್ಳುತ್ತಿದ್ದರು. ಆದರೆ ಭಾನುವಾರ, ಊರು ದಾಟಿ ಬೈಕು ವೇಗ ಹಿಡಿದದ್ದೇ ತಡ, ಅವಳ ದನಿ ಹಿಂದಿನಿಂದ ಶುರುವಾಗುತ್ತಿತ್ತು. ಮತ್ತೆ ಊರು ಸಿಗುವವರೆಗೆ ನಿಲ್ಲುತ್ತಿರಲಿಲ್ಲ. ಒಂದೇ ಒಂದು ಪದವೂ ಅವನಿಗೆ ತಿಳಿಯುತ್ತಿರಲಿಲ್ಲ; ಗಾಳಿ ಎಲ್ಲವನ್ನೂ ಹಿಂದಕ್ಕೆ ಒಯ್ದುಬಿಡುತ್ತಿತ್ತು. ಉಳಿಯುತ್ತಿದ್ದದ್ದು ಬೆನ್ನಿಗೆ ತಾಗುವ ಬೆಚ್ಚನೆಯ ಉಸಿರು, ಏರಿಳಿಯುವ ಒಂದು ಗುಂಯ್‌ಗುಟ್ಟು. ನಡುನಡುವೆ ಅವಳು ಅವನ ಬೆನ್ನಿಗೆ ಸಣ್ಣಗೆ ಗುದ್ದುವುದೂ ಇತ್ತು. ಅದನ್ನು ಅವನು ಪ್ರೀತಿಯ ಖಾತೆಗೆ ಹಾಕಿಕೊಂಡಿದ್ದ.

ಬೈಕು ನಿಲ್ಲಿಸಿ "ಏನಂದೆ?" ಎಂದು ಕೇಳಿದರೆ ಅವಳು ಕೂದಲು ಸರಿಮಾಡಿಕೊಳ್ಳುತ್ತ "ಏನಿಲ್ಲ ಬಿಡಿ" ಎನ್ನುತ್ತಿದ್ದಳು. ಮುಖ ಮಾತ್ರ ಆಗತಾನೇ ತೊಳೆದಿಟ್ಟ ಹಾಗೆ ಹಗುರವಾಗಿರುತ್ತಿತ್ತು. ನಾಚಿಕೆ ಎಂದುಕೊಂಡ ನಕ್ಷೆಗಾರ. ಎದುರಿಗೆ ಹೇಳಲಾಗದ್ದನ್ನು ಬೆನ್ನಿಗೆ ಹೇಳುತ್ತಾಳೆ ಎಂದುಕೊಂಡ. ಏನು ಹೇಳುತ್ತಿರಬಹುದು ಎಂದು ಕಲ್ಪಿಸಿಕೊಳ್ಳುತ್ತ ಎಷ್ಟೋ ಕೆರೆಗಳನ್ನು ಹಸಿರು ಶಾಯಿಯಲ್ಲಿ ಎಳೆದಿದ್ದ. ಮುಂದಿನ ವಾರ ರಜೆ ಹಾಕಿ ಸಮುದ್ರದವರೆಗೂ ಹೋಗೋಣ ಎಂದಾಗ ಅವಳು ಹೂವಿನಂತೆ ಅರಳಿದ್ದಳು. ಅಷ್ಟು ದೂರದ ದಾರಿಯಲ್ಲಿ ಎಷ್ಟು ಮಾತು ಬರಬಹುದು. ಅದೂ ಗಾಳಿಯ ಪಾಲಾಗುವುದೇ ಎಂಬುದು ಅವನ ಸಂಕಟ. ಈ ಸಲ ಒಂದು ಮಾತನ್ನಾದರೂ ಪೂರ್ತಿ ಕೇಳಿಸಿಕೊಳ್ಳಬೇಕು. ಅದಕ್ಕೆ ಬೈಕಿಗೊಂದು ವಿಂಡ್‌ಶೀಲ್ಡ್ ಹಾಕಿಸಬೇಕು, ಇವತ್ತೇ ಹಾಕಿಸಬೇಕು ಎಂದು ಅವನು ತೀರ್ಮಾನಿಸಿದಾಗ ಬೆನ್ನ ಹಿಂದೆ ಯಾರೋ ಕೆಮ್ಮಿದರು.

ಸ್ಕೇಲ್ ಸಾಹೇಬರು ನಿಂತಿದ್ದರು. ಅವರು ಹಿರಿಯ ನಕ್ಷೆಗಾರರು. ಕೈಯಲ್ಲಿ ಸ್ಕೇಲಿಲ್ಲದೆ ಅವರನ್ನು ಕಂಡವರಿಲ್ಲ.

"ಈ ನದಿ ಗುಡ್ಡದ ಮೇಲೆ ಯಾಕೆ ಹೋಗಿದೆ?" ಎಂದು ಸ್ಕೇಲಿನ ತುದಿಯಿಂದ ತೋರಿಸಿದರು.

"ಕುತ್ತಿಗೆ ಸಾರ್."

"ಯಾರ ಕುತ್ತಿಗೆ?"

ನಕ್ಷೆಗಾರ ಗಾಳಿಯ ವಿಷಯ ಹೇಳಿದ, ವಿಂಡ್‌ಶೀಲ್ಡಿನ ವಿಷಯ ಹೇಳಿದ, ಹೆಂಡತಿಯ ಮಾತಿನ ವಿಷಯ ಮಾತ್ರ ನುಂಗಿಕೊಂಡ. ಎಂಥದ್ದನ್ನು ಆರಿಸಬೇಕೆಂದು ಗೊತ್ತಿಲ್ಲ ಎಂದು ಹೇಳಿದ್ದೇ ಅವನು ಮಾಡಿದ ತಪ್ಪು. ಕಚೇರಿಯಲ್ಲಿ ಅದುವರೆಗೆ ತೂಕಡಿಸುತ್ತಿದ್ದವರೆಲ್ಲ ಎಚ್ಚರಾದರು.

ಎದುರು ಮೇಜಿನ ಬಣ್ಣದ ಮೇಡಂ ಕುಂಚ ಕೆಳಗಿಟ್ಟರು. ಕಾಡಿಗೆ ಹಸಿರು, ಊರಿಗೆ ಕಂದು ತುಂಬುವುದು ಅವರ ಕೆಲಸ. "ನಮ್ಮ ತಮ್ಮ ಒಂದು ಹಾಕ್ಸಿದಾನೆ. ಅದಕ್ಕೊಂದು ಲೆಕ್ಕ ಇದೆಯಂತೆ. ಅದರ ಮೇಲಿನ ಅಂಚು ಓಡಿಸೋರ ಮೂಗಿನ ಮಟ್ಟಕ್ಕೆ ಬರಬೇಕು. ರಸ್ತೆನ ಅದರ ಮೇಲಿಂದ ನೋಡ್ಬೇಕೇ ಹೊರತು ಅದರೊಳಗಿಂದ ನೋಡಬಾರದು. ಕಮ್ಮಿ ಆದ್ರೆ ಗಾಳಿ ಸೀದಾ ತಲೆಗೆ ಹೊಡೆಯುತ್ತೆ. ಜಾಸ್ತಿ ಆದ್ರೆ ಬೈಕು ಹೋಗಿ ಗಾಜಿನ ಬೀರು ಓಡಿಸಿದ ಹಾಗಾಗುತ್ತೆ."

"ಹಾಗಾದ್ರೆ ಇದು ಅಳತೆ ವಿಷಯ," ಎಂದರು ಸ್ಕೇಲ್ ಸಾಹೇಬರು. ಅವರ ಕಣ್ಣು ಹೊಳೆಯಿತು. "ಅಂಗಡಿಯವನ ಕಣ್ಣಂದಾಜಿಗೆ ಬಿಡೋ ವಿಷಯ ಅಲ್ಲ. ಕೂತ್ಕೋ. ನೆಟ್ಟಗೆ ಕೂತ್ಕೋ. ಹ್ಯಾಂಡಲ್ ಹಿಡಿದ ಹಾಗೆ ಕೈ ಮುಂದೆ ಮಾಡು."

ನಕ್ಷೆಗಾರ ಸ್ಟೂಲಿನ ಮೇಲೆ ನೆಟ್ಟಗೆ ಕೂತು ಇಲ್ಲದ ಹ್ಯಾಂಡಲ್ಲನ್ನು ಹಿಡಿದ. ಕಣ್ಣು ತಾನಾಗಿ ಮುಚ್ಚಿಕೊಂಡಿತು. ಮುಚ್ಚಿದ್ದೇ ತಡ ಸಮುದ್ರದ ದಾರಿ ತೆರೆದುಕೊಂಡಿತು. ರಸ್ತೆ ಬದಿಯ ಮರಗಳು ಒಂದೊಂದೇ ಹಿಂದೆ ಸರಿಯುತ್ತಿದ್ದವು. ಮೂಗಿಗೆ ಉಕ್ಕಿನ ಟೇಪಿನ ತಣ್ಣನೆ ತುದಿ ತಾಗಿದಾಗ ಕಣ್ಣು ಬಿಟ್ಟ. ಸಾಹೇಬರು ನೆಲದಿಂದ ಅವನ ಮೂಗಿನವರೆಗೆ ಮೂರು ಸಲ ಅಳೆದರು. ಬಣ್ಣದ ಮೇಡಂ ಬರೆದುಕೊಂಡರು. ಬೈಕಿನ ದೀಪ ಎಷ್ಟು ಎತ್ತರದಲ್ಲಿದೆ ಎಂದು ಕೇಳಿದಾಗ ನಕ್ಷೆಗಾರ ಸ್ಟೂಲಿನಿಂದ ಇಳಿದು ನಿಂತು ತನ್ನ ಸೊಂಟ ತೋರಿಸಿದ. ಅದನ್ನೂ ಅಳೆದರು. ಒಂದರಲ್ಲಿ ಇನ್ನೊಂದನ್ನು ಕಳೆದರು. ಮಿಕ್ಕಿದ್ದೇ ವಿಂಡ್‌ಶೀಲ್ಡಿನ ಎತ್ತರ.

ಬೈಕು ಕೆಳಗೆ ಬೇವಿನ ಮರದ ನೆರಳಿನಲ್ಲೇ ನಿಂತಿತ್ತು. ಮೆಟ್ಟಿಲಿಳಿದು ಹೋಗಿ ಅದರ ಮೇಲೆಯೇ ಕೂರಿಸಿ ಅಳೆಯಬಹುದಲ್ಲ ಎಂದು ಯಾರಿಗೂ ಹೊಳೆಯಲಿಲ್ಲ. ಅದಕ್ಕೆ ಅವರನ್ನು ದೂರಿ ಫಲವಿಲ್ಲ. ಆ ಕಚೇರಿಯಲ್ಲಿ ಕೆಳಗಿಳಿದು ನೆಲ ನೋಡುವ ಪದ್ಧತಿಯೇ ಇರಲಿಲ್ಲ. ನೆಲ ಬೇಕಾದರೆ ತಪ್ಪಲಿ, ನಕ್ಷೆ ತಪ್ಪಬಾರದು ಎಂಬುದು ಅಲ್ಲಿಯ ಹಳೆಯ ಮಾತು. ಹಿಂದೊಮ್ಮೆ ಯಾರೋ ಬಂದು ನಿಮ್ಮ ನಕ್ಷೆಯಲ್ಲಿರುವ ಸೇತುವೆ ಅಲ್ಲಿಲ್ಲ ಎಂದು ದೂರಿದಾಗ, ಸ್ಕೇಲ್ ಸಾಹೇಬರು ಇನ್ನೊಂದು ಸಲ ಸರಿಯಾಗಿ ಹುಡುಕಿ ಎಂದು ಹೇಳಿ ಕಳಿಸಿದ್ದರು.

ಮಧ್ಯಾಹ್ನದ ಹೊತ್ತಿಗೆ ಚಿತ್ರ ಸಿದ್ಧವಾಯಿತು. ಮೂಲೆಯಲ್ಲಿ ಉತ್ತರ ದಿಕ್ಕಿನ ಬಾಣವಿತ್ತು. ಕೆಳಗೆ ಬರೆದವರು, ಪರಿಶೀಲಿಸಿದವರು, ಒಪ್ಪಿದವರು ಎಂದು ಮೂರು ಸಹಿಗಳಿದ್ದವು. ಬಣ್ಣದ ಮೇಡಂ ಗಾಳಿಗೆ ತಿಳಿನೀಲಿ ಹಚ್ಚಿದ್ದರು.

ಶನಿವಾರ ಅರ್ಧ ದಿನದ ಕೆಲಸ. ಗಂಟೆ ಹೊಡೆದದ್ದೇ ನಕ್ಷೆಗಾರ ಚಿತ್ರವನ್ನು ಸುರುಳಿ ಸುತ್ತಿ ಬಗಲಿಗಿಟ್ಟುಕೊಂಡು ಬೈಕಿನ ಬಿಡಿಭಾಗಗಳ ಅಂಗಡಿಗೆ ಹೋದ. ಅಂಗಡಿ ಉದ್ದಕ್ಕಿತ್ತು, ಕತ್ತಲೆಯಾಗಿತ್ತು. ಚಾವಣಿಯ ತುಂಬ ವಿಂಡ್‌ಶೀಲ್ಡುಗಳನ್ನು ದಾರ ಕಟ್ಟಿ ತೂಗುಹಾಕಿದ್ದರು. ಬಾಗಿಲಿನಿಂದ ಬಂದ ಬಿಸಿಲು ಅವುಗಳನ್ನು ಹಾದು ನೆಲದ ಮೇಲೆ ಬಿದ್ದು ನೀರಿನ ಹಾಗೆ ಅಲುಗುತ್ತಿತ್ತು. ಕೆರೆಯ ತಳದಲ್ಲಿ ನಿಂತು ಮೇಲೆ ನೋಡಿದರೆ ಹೀಗೇ ಕಾಣಬಹುದು ಎಂದುಕೊಂಡು ಅವನು ಬಾಯಿ ತೆರೆದು ಮೇಲೆ ನೋಡುತ್ತ ನಿಂತ. ಅಂಗಡಿಯವನು ಎರಡು ಸಲ "ಏನ್ ಬೇಕಿತ್ತು ಸಾರ್" ಎಂದ ಮೇಲೆ ಇಹಲೋಕಕ್ಕೆ ಇಳಿದ.

"ಚಿಕ್ಕದು ಎದೆಗೆ, ದೊಡ್ಡದು ಮುಖಕ್ಕೆ, ಹೊಗೆ ಬಣ್ಣದ್ದು ಚಂದಕ್ಕೆ," ಎಂದ ಅಂಗಡಿಯವನು. "ನೀವು ಎಷ್ಟು ದೂರ ಹೋಗೋರು?"

"ಸಮುದ್ರದವರೆಗೆ."

"ಹಾಗಾದ್ರೆ ಬಣ್ಣ ಇಲ್ಲದ್ದೇ ತಗೊಳ್ಳಿ. ಸಂಜೆ ಹೊತ್ತಲ್ಲಿ ಹೊಗೆ ಬಣ್ಣದ್ರಲ್ಲಿ ಏನೂ ಕಾಣಲ್ಲ."

ನಕ್ಷೆಗಾರ ಆಚೀಚೆ ನೋಡಿ ದನಿ ತಗ್ಗಿಸಿದ. "ಇದನ್ನ ಹಾಕ್ಸಿದ್ರೆ, ಹಿಂದೆ ಕೂತವರು ಮಾತಾಡೋದು ಕೇಳ್ಸುತ್ತಾ?"

ಅಂಗಡಿಯವನು ಅವನನ್ನು ಮೇಲಿಂದ ಕೆಳಗೆ ನೋಡಿದ. "ಮದುವೆ ಆಗಿದೆಯಾ ಸಾರ್?"

"ಆಗಿದೆ."

"ಸಾಮಾನ್ಯವಾಗಿ ಕೇಳ್ಸದೇ ಇರೋ ಹಾಗೆ ಏನಾದ್ರೂ ಇದೆಯಾ ಅಂತ ಬರ್ತಾರೆ. ನೀವೇ ಮೊದಲು ಈ ಥರ ಕೇಳಿದ್ದು. ಸರಿಯಾಗಿ ಕೂತ್ರೆ ಪಿಸುಮಾತೂ ಕೇಳುತ್ತೆ. ಬನ್ನಿ, ಗಾಡಿ ಮೇಲೆ ಕೂತ್ಕೊಳ್ಳಿ, ನೋಡೋಣ."

ಕೂತಿದ್ದರೆ ಅಲ್ಲಿಗೆ ಕತೆ ಮುಗಿಯುತ್ತಿತ್ತು. ಆದರೆ ನಕ್ಷೆಗಾರ ಸುರುಳಿ ಬಿಚ್ಚಿ ಮೇಜಿನ ಮೇಲೆ ಹರಡಿದ. ಅಂಗಡಿಯವನು ಚಿತ್ರ ನೋಡಿದ, ಅಳತೆ ನೋಡಿದ, ಬಾಗಿಲಾಚೆ ನಿಂತ ಬೈಕನ್ನೂ ನೋಡಿದ.

"ಸಾರ್, ಇದು ಸ್ವಲ್ಪ ಎತ್ತರ ಅನ್ನಿಸುತ್ತೆ."

"ಮೂರು ಜನ ಸಹಿ ಹಾಕಿದಾರೆ."

ಮೂರು ಸಹಿಯ ಎದುರು ಅಂಗಡಿಯವನು ಏನು ತಾನೇ ಮಾಡಿಯಾನು. ಇದ್ದದ್ದರಲ್ಲೇ ದೊಡ್ಡ ಪ್ಲಾಸ್ಟಿಕ್ ಹಾಳೆಯನ್ನು ಇಳಿಸಿ, ಚಿತ್ರದ ಪ್ರಕಾರ ಕತ್ತರಿಸಿ, ಅಂಚು ಉಜ್ಜಿ, ದೀಪದ ಮೇಲೆ ಎರಡು ಕಂಬಿಗಳನ್ನು ನಿಲ್ಲಿಸಿ ನಾಲ್ಕು ಬೋಲ್ಟಿನಲ್ಲಿ ಬಿಗಿದ. ಎಲ್ಲ ಆದ ಮೇಲೆ ನಕ್ಷೆಗಾರ ಬೈಕಿನ ಮೇಲೆ ಕೂತ. ವಿಂಡ್‌ಶೀಲ್ಡಿನ ಅಂಚು ಮೂಗಿನ ಮಟ್ಟ ದಾಟಿ, ಹಣೆ ದಾಟಿ, ಹೆಲ್ಮೆಟ್ಟಿನ ನೆತ್ತಿಯನ್ನೂ ದಾಟಿ ನಿಂತಿತ್ತು. ಸ್ಟೂಲು ಬೈಕಿಗಿಂತ ಎಷ್ಟು ಎತ್ತರ ಎಂಬುದು ಆಗ ಅವನಿಗೆ ತಿಳಿಯಿತು. ಗಣೇಶನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಗಿತ್ತು.

"ನಾನು ಆಗಲೇ ಅಂದೆ," ಎಂದ ಅಂಗಡಿಯವನು. "ಇರಲಿ, ಓಡಿಸಿ ನೋಡಿ. ಕೆಲವರಿಗೆ ಎತ್ತರವೇ ಒಗ್ಗುತ್ತೆ."

ಅವನು ಹೊರಟ. ಅಷ್ಟು ದೊಡ್ಡ ಹಾಳೆಯ ಹಿಂದೆ ಕೂತು ನೋಡಿದರೆ ಬೀದಿಯೆಲ್ಲ ನೀರಿನಲ್ಲಿ ಮುಳುಗಿದಂತೆ ಕಾಣುತ್ತಿತ್ತು. ಬೆಳಕಿನ ಕಂಬಗಳು ಬಳುಕಿದವು, ಅಂಗಡಿ ಬೋರ್ಡುಗಳು ತೇಲಿದವು, ನಡೆಯುವ ಜನ ಈಜುವವರಂತೆ ಮೆಲ್ಲಗೆ ಹಾದುಹೋದರು. ನಕ್ಷೆಗಾರನಿಗೆ ಭಯವಾಗಬೇಕಿತ್ತು, ಅವನಿಗೆ ಸಂತೋಷವಾಯಿತು. ಎದುರಿನಿಂದ ಹೆಲ್ಮೆಟ್ ಧರಿಸಿದ ಯಾರೋ ತನ್ನನ್ನೇ ನೋಡುತ್ತ ಬರುತ್ತಿದ್ದರು. ಪರಿಚಯದವರಿರಬೇಕೆಂದು ತಲೆಯಾಡಿಸಿದ. ಅವರೂ ತಲೆಯಾಡಿಸಿದರು. ಅದು ಹಾಳೆಯಲ್ಲಿ ಮೂಡಿದ ತನ್ನದೇ ಮುಖ ಎಂದು ತಿಳಿಯುವುದರೊಳಗೆ ದಾರಿ ಬಿಟ್ಟುಕೊಡಲು ಎಡಕ್ಕೆ ಸರಿದಾಗಿತ್ತು.

ಎಡಕ್ಕೆ ಓಣಿಯೊಂದಿತ್ತು, ಓಣಿಯಲ್ಲಿ ಅಡ್ಡಗಾಳಿ ಇತ್ತು. ಎದುರುಗಾಳಿ ಒದೆಯುತ್ತದೆ ಅಷ್ಟೇ, ಅಡ್ಡಗಾಳಿ ಎತ್ತಿಕೊಂಡು ಹೋಗುತ್ತದೆ. ಗಾಳಿ ತುಂಬಿದ ಹಾಳೆ ಬೈಕನ್ನು ಮೆಲ್ಲಗೆ ಓರೆಮಾಡಿ, ಲಾಂಡ್ರಿಯವಳ ಅಂಗಳದೊಳಕ್ಕೆ ಕರೆದುಕೊಂಡು ಹೋಯಿತು. ಅಂಗಳದ ತುಂಬ ಬಿಳಿಯ ಹೊದಿಕೆಗಳು ಒಣಗುತ್ತಿದ್ದವು. ಒಂದರ ಹಿಂದೆ ಒಂದು ತಣ್ಣಗೆ, ಸೋಪಿನ ಕಂಪಿನೊಡನೆ ಅವನ ಮೇಲೆ ಹಾದುಹೋದವು. ಮೋಡಗಳ ನಡುವೆ ಬೈಕು ಓಡಿಸುವ ಭಾಗ್ಯ ಎಷ್ಟು ಜನಕ್ಕಿದೆ ಎಂದು ಅವನು ಯೋಚಿಸುತ್ತಿದ್ದಾಗ ಕಡೆಯ ಹೊದಿಕೆ ವಿಂಡ್‌ಶೀಲ್ಡಿಗೆ ಸಿಕ್ಕಿಕೊಂಡು ಬೈಕು ಕೆಮ್ಮಿ ನಿಂತಿತು.

"ಒಣಗಿದೆಯಾ ನೋಡಿ ಸಾರ್," ಎಂದಳು ಲಾಂಡ್ರಿಯವಳು, ಸೊಂಟದ ಮೇಲೆ ಕೈಯಿಟ್ಟುಕೊಂಡು. "ಒಣಗಿದ್ರೆ ಮಡಿಸಿ ಕೊಟ್ಟು ಹೋಗಿ."

ಅವನು ಮಡಿಸಿ ಕೊಟ್ಟ. ಕೊನೆಯ ಮಡಿಕೆ ಸರಿಯಾಗಿಲ್ಲವೆಂದು ಬಿಚ್ಚಿಸಿ ಇನ್ನೊಮ್ಮೆ ಮಡಿಸಿಸಿಕೊಂಡೇ ಅವಳು ಅವನನ್ನು ಬಿಟ್ಟಳು.

ಬೈಕನ್ನು ತಳ್ಳಿಕೊಂಡು ಮನೆ ಹತ್ತಿರ ಬಂದರೆ ಗೇಟಿನಲ್ಲಿ ರೈಲಜ್ಜ ಕಾದಿದ್ದರು. ಕೆಳಗಿನ ಮನೆಯ ಮುದುಕರು. ಆಯುಷ್ಯವೆಲ್ಲ ರೈಲು ಓಡಿಸಿ ಈಗ ಬೀದಿಯಲ್ಲಿ ಹೋಗುವ ಬರುವ ಸಮಸ್ತ ವಾಹನಗಳ ಉಸ್ತುವಾರಿ ನೋಡಿಕೊಳ್ಳುತ್ತಿದ್ದರು.

"ಏನಪ್ಪಾ, ಮನೆ ಕಿಟಕಿ ಕಿತ್ಕೊಂಡು ಹೊರಟಿದ್ದೀಯಾ?"

"ವಿಂಡ್‌ಶೀಲ್ಡ್ ಅಜ್ಜ. ಎತ್ತರ ಸ್ವಲ್ಪ ಜಾಸ್ತಿಯಾಗಿದೆ. ವಾಪಸ್ ಅಂಗಡಿಗೆ ಒಯ್ದು ಕತ್ತರಿಸಿಕೊಂಡು ಬರಬೇಕು. ಇವಳಿಗೆ ಸಂಜೆ ಸುತ್ತಾಡಿ ಬರೋಣ ಅಂದಿದೀನಿ, ತಡ ಆಗುತ್ತೆ ಅಂತ ಹೇಳಿಹೋಗೋಕೆ ಬಂದೆ."

"ಕತ್ತರಿಸೋದ್ಯಾಕೆ. ಎತ್ತರದ್ದೇನೂ ತಪ್ಪಿಲ್ಲ, ಓರೆ ಸಾಲದು. ಇಂಜಿನ್ ಗಾಜು ನೋಡಿದೀಯಾ ಎಂದಾದ್ರೂ? ನಿಲ್ಲು, ಪಾನಾ ತರ್ತೀನಿ."

ಬೇಡ ಎನ್ನುವಷ್ಟರಲ್ಲಿ ಅವರು ಒಳಹೋಗಿ ಮೊಳಕೈಯುದ್ದದ ಪಾನಾ ತಂದೇಬಿಟ್ಟರು. ನಾಲ್ಕೂ ಬೋಲ್ಟುಗಳನ್ನು ಒಂದೊಂದಾಗಿ ಸಡಿಲಿಸಿದರು. ಒಂದೊಂದು ಬೋಲ್ಟಿಗೆ ಒಂದೊಂದು ರೈಲಿನ ಕತೆ ಹೇಳಿದರು. ಯಾವುದೋ ಸುರಂಗದೊಳಗೆ ಇಂಜಿನ್ನು ಕೆಟ್ಟು, ಅವರು ಕತ್ತಲಲ್ಲಿ ಬೆಂಕಿಕಡ್ಡಿ ಗೀರಿದ ಜಾಗಕ್ಕೆ ಕತೆ ಬಂದಿತ್ತು. ಆಗ ಒಳಗಿನಿಂದ ಮಗಳು "ಅಪ್ಪಾ, ಟೀ ಆರ್ತಾ ಇದೆ" ಎಂದು ಕೂಗಿದಳು. ರೈಲಜ್ಜ ಪಾನಾ ಹಿಡಿದುಕೊಂಡೇ ಒಳಗೆ ಹೋದರು. ನಕ್ಷೆಗಾರ ಸುರಂಗದ ಕತ್ತಲಲ್ಲೇ ಸ್ವಲ್ಪ ಹೊತ್ತು ನಿಂತಿದ್ದು, ಆಮೇಲೆ ಬೋಲ್ಟುಗಳನ್ನು ಮರೆತು, ಹೆಂಡತಿಗೆ ಹೇಳುವುದನ್ನೂ ಮರೆತು, ಅಂಗಡಿಗೆಂದು ಬೈಕು ಹತ್ತಿ ಭಾನುವಾರದ ಅಭ್ಯಾಸದಲ್ಲಿ ಹೆದ್ದಾರಿಯ ಕಡೆ ಹೊರಟ.

ಹೆದ್ದಾರಿಗೆ ಸೇರುವ ಮೊದಲು ಒಂದು ಹಂಪು. ಬೈಕು ಅದರ ಮೇಲೆ ಹಾರಿ ಬಿತ್ತು. ಧಡಲ್ ಎಂದ ಸದ್ದಿಗೆ ಎದುರಿನ ಹಾಳೆ ಕಂಬಿಗಳ ಮೇಲೆ ಜಾರಿ ಕೆಳಗಿಳಿದು, ಹಿಂದಕ್ಕೆ ತುಸು ವಾಲಿ, ಹ್ಯಾಂಡಲ್ಲಿಗೆ ತಾಗಿ ನಿಂತಿತು. ನಕ್ಷೆಗಾರ ಕಣ್ಣು ಮುಚ್ಚಿ, ಆಯಿತು, ಇನ್ನು ಸಮುದ್ರವೂ ಇಲ್ಲ, ಮಾತೂ ಇಲ್ಲ ಎಂದುಕೊಂಡ.

ಕಣ್ಣು ಬಿಟ್ಟಾಗ ಗಾಳಿ ಇರಲಿಲ್ಲ.

ಬೈಕು ಅದೇ ವೇಗದಲ್ಲಿ ಓಡುತ್ತಿತ್ತು. ಮರಗಳು ಹಿಂದೆ ಓಡುತ್ತಿದ್ದವು, ಒಣ ಎಲೆಗಳು ಅವನ ತಲೆಯ ಮೇಲಿನಿಂದ ಹಾರಿಹೋಗುತ್ತಿದ್ದವು. ಹೆಲ್ಮೆಟ್ಟಿನ ಸುತ್ತ ಮಾತ್ರ ಎಲ್ಲ ನಿಂತುಹೋಗಿತ್ತು. ಅವನಿಗೆ ತನ್ನ ಉಸಿರು ಕೇಳಿಸಿತು. ಚೈನಿನ ಕಿರುಗುಟ್ಟು ಕೇಳಿಸಿತು. ತಂತಿಯ ಮೇಲೆ ಕೂತ ಹಕ್ಕಿಯೊಂದು ಕೂಗಿದ್ದು ಪೂರ್ತಿ ಕೇಳಿಸಿತು. ಅವನು ವಿಂಡ್‌ಶೀಲ್ಡಿನ ಅಂಚಿನ ಮೇಲಿಂದ ರಸ್ತೆಯನ್ನು ನೋಡುತ್ತಿದ್ದ; ಅಂಚು ಸರಿಯಾಗಿ ಮೂಗಿನ ಮಟ್ಟದಲ್ಲಿತ್ತು. ಇಷ್ಟು ವರ್ಷ ಬಿರುಗಾಳಿಯಲ್ಲಿ ಬದುಕಿದ ಮನುಷ್ಯನಿಗೆ ಕಣ್ಣಲ್ಲಿ ನೀರು ಬಂತು. ಅದೂ ಗಾಳಿಯಿಲ್ಲದ್ದರಿಂದ ಕೆನ್ನೆಯ ಮೇಲೆ ನೆಟ್ಟಗೆ ಇಳಿಯಿತು.

ಅಲ್ಲೇ ಬೈಕು ನಿಲ್ಲಿಸಿ, ಉಸಿರು ಬಿಗಿಹಿಡಿದು, ಸೀಟಿನಡಿಯ ಪುಟ್ಟ ಪಾನಾ ತೆಗೆದು ನಾಲ್ಕೂ ಬೋಲ್ಟುಗಳನ್ನು ಇದ್ದಲ್ಲೇ ಬಿಗಿದ. ಮೂರು ಸಹಿಗಳಿಂದ ಆಗದ್ದು ಒಂದು ಹಂಪಿನಿಂದ ಆಗಿತ್ತು. ಮನೆಗೆ ಹಿಂತಿರುಗುವಾಗ ಗಂಟಲು ಸರಿಮಾಡಿಕೊಂಡು ಸಣ್ಣಗೆ ಗುನುಗಿ ನೋಡಿದ. ತನ್ನ ದನಿ ಅಷ್ಟು ಕೆಟ್ಟದಾಗಿದೆ ಎಂದು ಅವನಿಗೆ ಗೊತ್ತಿರಲಿಲ್ಲ.

ಸಂಜೆಯ ಬಿಸಿಲು ಇಳಿಯುತ್ತಿದ್ದಾಗ ಹೆಂಡತಿಯನ್ನು ಕೂರಿಸಿಕೊಂಡು ಹೊರಟ. ವಿಂಡ್‌ಶೀಲ್ಡ್ ನೋಡಿ ಅವಳು "ಇದೇನ್ರೀ ಇದು?" ಎಂದಳು. "ಕುತ್ತಿಗೆಗೆ," ಎಂದ. ಒಳಗೊಳಗೇ ಅವನ ಎದೆ ಮೊದಲ ಸಲ ಹೆಣ್ಣು ನೋಡಲು ಹೋದವನ ಎದೆಯಂತೆ ಹೊಡೆದುಕೊಳ್ಳುತ್ತಿತ್ತು. ಊರು ದಾಟಿತು. ಹೆದ್ದಾರಿ ಬಂತು. ಬೈಕು ವೇಗ ಹಿಡಿಯಿತು.

ಹಿಂದಿನಿಂದ ಅವಳು ಗಂಟಲು ಸರಿಮಾಡಿಕೊಂಡದ್ದು ಕಿವಿಯ ಪಕ್ಕದಲ್ಲೇ ಎಂಬಷ್ಟು ಸ್ಪಷ್ಟವಾಗಿ ಕೇಳಿಸಿತು. ಉಸಿರು ಒಳಗೆ ಎಳೆದುಕೊಂಡಳು. "ಅಲ್ಲಾ..." ಎಂದಳು. ಆ ಒಂದು ಮಾತು ಅವಳಿಗೇ ಕೇಳಿಸಿತೋ ಏನೋ, ಅಲ್ಲಿಗೇ ನಿಲ್ಲಿಸಿಬಿಟ್ಟಳು.

ನಕ್ಷೆಗಾರ ಕಾದ. ಹೊಲಗಳು ಹಾದುಹೋದವು, ಇಟ್ಟಿಗೆ ಗೂಡುಗಳು ಹಾದುಹೋದವು. ಮೋಡದ ಅಂಚು ಕೆಂಪಾಗಿತ್ತು. ನೀರಿನ ಮೇಲೆ ದೋಣಿ ಹೋದ ಹಾಗೆ ಬೈಕು ಹೋಗುತ್ತಿತ್ತು. ಅವಳು ಮಾತಾಡಲಿಲ್ಲ. ಬೆನ್ನಿಗೆ ಗುದ್ದಲೂ ಇಲ್ಲ.

"ಮೋಡ ಚೆನ್ನಾಗಿದೆ ಅಲ್ವಾ?" ಎಂದು ಅವನೇ ಶುರುಮಾಡಿದ.

"ಹೂಂ."

"ಚಳಿ ಆಗ್ತಿಲ್ವಲ್ಲ?"

"ಊಹೂಂ."

ಅದು ಮನೆಯ ದನಿ. ನಕ್ಷೆಗಾರನಿಗೆ ಅಳು ಬರುವಂತಾಯಿತು. ಸೇತುವೆಯೊಂದು ಬಂತು, ಪಕ್ಕಕ್ಕೆ ಹಾಕಿ ಬೈಕು ನಿಲ್ಲಿಸಿದ. ಕೆಳಗೆ ನದಿ ತೆಳ್ಳಗೆ ಹರಿಯುತ್ತಿತ್ತು. ಹೆಲ್ಮೆಟ್ ತೆಗೆದು ಸೇತುವೆಯ ಕಟ್ಟೆಯ ಮೇಲಿಟ್ಟು, ನದಿಯನ್ನೇ ನೋಡುತ್ತ ಎಲ್ಲವನ್ನೂ ಹೇಳಿಬಿಟ್ಟ. "ಸುಳ್ಳು ಹೇಳಿದೆ ಕಣೇ. ಇದನ್ನ ಹಾಕ್ಸಿದ್ದು ಕುತ್ತಿಗೆಗಲ್ಲ. ನೀನು ಹಿಂದೆ ಕೂತು ಅಷ್ಟೊಂದು ಮಾತಾಡ್ತೀಯ. ನಂಗೆ ಒಂದೂ ಕೇಳ್ಸಲ್ಲ. ಒಂದ್ಸಲ ಕೇಳ್ಬೇಕು ಅಂತ ಆಸೆ ಆಯ್ತು. ಅದಕ್ಕೆ ಇವತ್ತು ಇಡೀ ದಿನ ಒದ್ದಾಡಿದೀನಿ. ಈಗ ನೋಡಿದ್ರೆ ನೀನು ಮಾತೇ ಆಡ್ತಿಲ್ಲ."

ಹೆಂಡತಿ ಅವನನ್ನು ನೋಡಿದಳು. ಅವಳ ಮುಖದಲ್ಲಿ ಮೊದಲು ಗಾಬರಿ ಕಂಡಿತು, ಆಮೇಲೆ ಮರುಕ.

"ಈಗ ಕೇಳ್ಸುತ್ತಲ್ಲ," ಎಂದಳು. "ಹೇಗೆ ಆಡ್ಲಿ?"

"ಅಂದ್ರೆ?"

ಅವಳು ಕಟ್ಟೆಗೆ ಒರಗಿ ನಿಂತಳು. "ನಿಮ್ಮನ್ನ ಬೈತಿದ್ದೆ ಕಣ್ರೀ."

ನದಿಯಲ್ಲಿ ಒಂದು ಕೊಕ್ಕರೆ ಕಾಲು ಬದಲಿಸಿತು.

"ಪ್ರತಿ ಭಾನುವಾರಾನಾ?" ಎಂದ ನಕ್ಷೆಗಾರ.

"ವಾರದ್ದೆಲ್ಲ ಸೇರಿಸಿ. ಹಾಲು ಉಕ್ಕಿಸಿದ್ದು, ಬೀಗದ ಕೈ ಮರೆತದ್ದು, ನಿಮ್ಮ ಅಕ್ಕ ಬಂದಾಗ ನನ್ನನ್ನ ಬಿಟ್ಟುಕೊಟ್ಟು ಮಾತಾಡಿದ್ದು. ಮನೇಲಿ ಅಂದ್ರೆ ನಿಮ್ಮ ಮುಖ ಇಷ್ಟೇ ಇಷ್ಟಾಗಿಬಿಡುತ್ತೆ, ನಂಗೆ ನೋಡಕ್ಕಾಗಲ್ಲ. ಮನಸ್ಸಲ್ಲೇ ಇಟ್ಕೊಂಡ್ರೆ ತಡ್ಕೊಳ್ಳೋಕೂ ಆಗಲ್ಲ. ಗಾಳಿಗಾದ್ರೆ ಹೇಳ್ಬಹುದು, ಅದು ಯಾರಿಗೂ ಹೇಳಲ್ಲ. ಹೇಳಿ ಮುಗಿಸಿದ್ರೆ ಇನ್ನೊಂದು ವಾರ ಹಾಯಾಗಿರ್ತಿತ್ತು. ಸಮುದ್ರದ ತನಕ ಅಂದಾಗ ಎಷ್ಟು ಖುಷಿಯಾಗಿತ್ತು ಗೊತ್ತಾ. ಮದುವೆಯಾದಾಗಿನಿಂದ ಬಾಕಿ ಇರೋದೆಲ್ಲ ಮುಗಿಸಿಬಿಡಬಹುದು ಅಂದ್ಕೊಂಡಿದ್ದೆ."

ನಕ್ಷೆಗಾರನಿಗೆ ನೋವಾಯಿತು. ಎಷ್ಟು ಭಾನುವಾರಗಳ ಕನಸು ಕಣ್ಣೆದುರೇ ಸೇತುವೆಯ ಕೆಳಗೆ ಹೋಯಿತು. ಆದರೂ ತನ್ನ ಮುಖ ಚಿಕ್ಕದಾಗಬಾರದೆಂದು ಅವಳು ಇಷ್ಟು ವರ್ಷ ಗಾಳಿಯನ್ನು ಹುಡುಕಿಕೊಂಡು ಬಂದಿದ್ದಳಲ್ಲ ಎಂದು ಅವಳ ಮೇಲೆ ಅವನಿಗೆ ಬಹಳ ಪ್ರೀತಿಯೂ ಬಂತು. ಆ ಪ್ರೀತಿಯಲ್ಲೇ ಪಾನಾಕ್ಕಾಗಿ ಸೀಟಿನಡಿ ಕೈಹಾಕಿದ. "ಇಲ್ಲೇ ಬಿಚ್ಚಿಬಿಡ್ತೀನಿ. ನೀನು ಎಂದಿನ ಹಾಗೆ ಹಿಂದೆ ಕೂತು ಬೈಕೋ. ನಂಗೆ ಕೇಳ್ಸಲ್ಲ."

"ಬೇಡ," ಎಂದಳು ಅವಳು.

"ಯಾಕೆ?"

"ಇದು ಚೆನ್ನಾಗಿದೆ. ಕಣ್ಣಿಗೆ ಧೂಳು ಬೀಳಲ್ಲ, ಕೂದಲು ಕೆದರಲ್ಲ. ಇಷ್ಟು ವರ್ಷದಲ್ಲಿ ಇವತ್ತೇ ನಾನು ಹಿಂದೆ ನೆಮ್ಮದಿಯಾಗಿ ಕೂತಿದ್ದು." ಅವಳು ವಿಂಡ್‌ಶೀಲ್ಡಿನ ಅಂಚನ್ನು ಬೆರಳಿನಿಂದ ಸವರಿದಳು. ಆಮೇಲೆ ಅವನ ಭುಜದ ಮೇಲೆ ಕೈಯಿಟ್ಟಳು. "ಅದೂ ಅಲ್ಲದೆ, ನಾನು ಹೇಳೋದನ್ನ ಕೇಳ್ಬೇಕು ಅಂತ ಇಡೀ ದಿನ ಇಷ್ಟು ಕಷ್ಟಪಟ್ಟಿದೀರ. ನಿಮಗೆ ಬೇಜಾರಾಗುತ್ತೆ ಅಂತ ನಾನು ತಪ್ಪು ತಿಳ್ಕೊಂಡಿದ್ದೆ. ಇನ್ನು ನಾನು ಮುಚ್ಚಿಟ್ಕೊಂಡ್ರೆ ನಿಮಗೆ ಅನ್ಯಾಯ ಆಗುತ್ತೆ."

"ಹಾಗೇನಿಲ್ಲ," ಎಂದ ನಕ್ಷೆಗಾರ ಅವಸರದಿಂದ. "ಅಂಥ ಅನ್ಯಾಯ ಏನೂ ಆಗಲ್ಲ."

"ನಡೀರಿ, ಮನೆಗೆ ಹೋಗೋಣ. ಸಮುದ್ರದ ತನಕ ಯಾಕೆ ಕಾಯ್ಬೇಕು."

ಹಿಂತಿರುಗುವ ದಾರಿಯುದ್ದಕ್ಕೂ ಎಲೆಯೊಂದು ಅಲುಗಿದರೂ ಕೇಳುವಷ್ಟು ನಿಶ್ಶಬ್ದವಿತ್ತು. ಅವಳು ಹಿಂದೆ ಕೂತು ಸಣ್ಣಗೆ ಏನನ್ನೋ ಗುನುಗುತ್ತಿದ್ದಳು. ಗೇಟಿನಲ್ಲಿ ನಿಂತಿದ್ದ ರೈಲಜ್ಜ ವಿಂಡ್‌ಶೀಲ್ಡನ್ನು ಆ ಕಡೆಯಿಂದ ಈ ಕಡೆಯಿಂದ ನೋಡಿ, "ನೋಡಿದ್ಯಾ, ಓರೆ ಅಂದ್ನಲ್ಲ ನಾನು, ಈಗ ಸರಿಯಾಗಿದೆ" ಎಂದರು. ನಕ್ಷೆಗಾರ ಅವರ ಹತ್ತಿರ ಸುರಂಗದ ಕತೆಯ ಉಳಿದ ಭಾಗವನ್ನು ಕೇಳಲು ನಿಂತುಕೊಂಡ. ಅವರು ಶುರುಮಾಡುವಷ್ಟರಲ್ಲಿ ಮೇಲಿನಿಂದ ಹೆಂಡತಿ ಕರೆದಳು. ಅವಳು ಅಷ್ಟು ಗಟ್ಟಿಯಾಗಿ ಕರೆದದ್ದನ್ನು ಆ ಬೀದಿ ಅದುವರೆಗೆ ಕೇಳಿರಲಿಲ್ಲ.

ಒಳಗೆ ಎರಡು ಕುರ್ಚಿಗಳನ್ನು ಎದುರುಬದುರಾಗಿ ಹಾಕಿಟ್ಟಿದ್ದಳು. ಅವನು ಒಂದರಲ್ಲಿ ಕೂತ. ಅವಳು ಇನ್ನೊಂದರಲ್ಲಿ ಕೂತು, "ಮದುವೆಯ ಮಾರನೇ ದಿನದಿಂದ ಶುರುಮಾಡ್ತೀನಿ" ಎಂದಳು. ಮುಖ ಆಗಲೇ ಹಗುರವಾಗತೊಡಗಿತ್ತು.

ನಕ್ಷೆಗಾರ ಮೆಲ್ಲಗೆ ಎದ್ದು ಗೋಡೆಯ ಹತ್ತಿರ ಹೋಗಿ, ಸೆಕೆ ಎಂದು ಗೊಣಗುತ್ತ, ಫ್ಯಾನನ್ನು ಪೂರ್ತಿ ಜೋರಾಗಿ ತಿರುಗಿಸಿ ಬಂದು ಕೂತ. ಅವಳು ಎದ್ದು ಹೋಗಿ ಆರಿಸಿದಳು.

"ಗಾಳಿ ಬೇಡ," ಎಂದಳು. "ನಿಮಗೆ ಸರಿಯಾಗಿ ಕೇಳ್ಸಲ್ಲ."